‘ಇತರೆ’ಯವರ ಸಾಲಿನಲ್ಲಿ ದ್ಯಾವನೂರು

ಕಾಲೇಜು ಗ್ರಂಥಾಲಯಗಳಲ್ಲಿ ದಲಿತರಿಗೆ ಜಾಗ ಎಲ್ಲಿ ಎಂದು ಕೇಳಿದರೆ ದಲಿತ ಸಾಹಿತ್ಯದ ಕಪಾಟು ತೋರಿಸುತ್ತಾರೆ. ನಾವು ಕೇಳಿದ್ದು ಕಪಾಟನ್ನಲ್ಲ. ಪುಸ್ತಕದ ಬೆನ್ನಿಗೆ ನಂಬರ್ ಅಂಟಿಸುವವರು ಯಾರು, ಆ ನಂಬರ್ ಏನು ಹೇಳುತ್ತದೆ ಎಂಬುದನ್ನು ಕೇಳಿದ್ದೇವೆ.

ನಂಜನಗೂಡು ತಾಲ್ಲೂಕಿನ ದೇವನೂರನ್ನೇ ತಗೊಳ್ಳಿ. ಆ ಊರಿನ ದೇವನೂರ ಮಹಾದೇವರ ಮೊದಲ ಕಥಾಸಂಕಲನ 1973ರಲ್ಲಿ ಬಂತು. ಹೆಸರು ‘ದ್ಯಾವನೂರು’. ಜನರ ಬಾಯಲ್ಲಿ ದೇವನೂರು ದ್ಯಾವನೂರೇ. ಗ್ರಂಥಾಲಯದ ಸೂಚಿಗೆ ಮಾತ್ರ ಇವೆರಡೂ ಒಂದೇ ಊರು ಅಂತ ಯಾರಾದರೂ ಹೇಳಿಕೊಡಬೇಕು. ಈಗಂತೂ ಕಂಪ್ಯೂಟರ್ ಸೂಚಿ. ಕನ್ನಡ ಪುಸ್ತಕವನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕಬೇಕಾದ ಕಡೆ ‘ದ್ಯಾ’ಗೆ ಯಾವ ಅಕ್ಷರ ಒತ್ತುವುದು? ಪುಸ್ತಕ ಇಲ್ಲ ಅಂದುಕೊಂಡು ಹಳ್ಳಿ ಹುಡುಗ ವಾಪಸ್ಸು ಹೋಗುತ್ತಾನೆ. ಪುಸ್ತಕ ಒಳಗೆ ತಣ್ಣಗೆ ಕೂತಿರುತ್ತದೆ.

ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ನಮ್ಮ ಬಹಳಷ್ಟು ಕಾಲೇಜುಗಳು ಬಳಸುವುದು ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣ. ಸಾಹಿತ್ಯಕ್ಕೆ 800. ಇಂಗ್ಲಿಷಿಗೆ 820, ಜರ್ಮನಿಗೆ 830, ಫ್ರೆಂಚಿಗೆ 840. ಲ್ಯಾಟಿನ್, ಗ್ರೀಕಿಗೂ ಒಂದೊಂದು ಮನೆ. ಉಳಿದ ಲೋಕಕ್ಕೆಲ್ಲ ಸೇರಿ 890, ಅಂದರೆ ‘ಇತರೆ’. ಅದರೊಳಗೆ ತಡಕಾಡಿದರೆ 894.814, ಕನ್ನಡ. ಪಂಪನೂ ಅಲ್ಲೇ, ‘ಕುಸುಮಬಾಲೆ’ಯೂ ಅಲ್ಲೇ. (ಒಂದು ಲೆಕ್ಕಕ್ಕೆ ಸಹಪಂಕ್ತಿ ಭೋಜನ!) ಈ ಡ್ಯೂಯಿ ಕಟ್ಟಿದ ಲೇಕ್ ಪ್ಲಾಸಿಡ್ ಕ್ಲಬ್ಬಿಗೆ ಯಹೂದಿಗಳಿಗೆ ಪ್ರವೇಶವಿರಲಿಲ್ಲ. 2019ರಲ್ಲಿ ಅಮೆರಿಕದ ಗ್ರಂಥಾಲಯ ಸಂಘವೇ ತನ್ನ ಪದಕದಿಂದ ಅವನ ಹೆಸರು ತೆಗೆಯಿತು. ಹೆಸರು ಹೋಯಿತು, ನಂಬರ್ ಉಳಿಯಿತು.

ನಮ್ಮ ಮುಖ್ಯ ತಕರಾರು ಇರುವುದು ಆತ್ಮಕಥೆಗಳ ವಿಷಯದಲ್ಲಿ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಇಂಥವನ್ನು ಕನ್ನಡ ಸಾಹಿತ್ಯದಲ್ಲಿ ಇಡಬಹುದು, 920ರ ಜೀವನಚರಿತ್ರೆಯಲ್ಲಿ ಇಡಬಹುದು. 305.5688 ಅಂತ ದಲಿತರಿಗೇ ಒಂದು ನಂಬರಿದೆ, ಅಲ್ಲಿಗೂ ತಳ್ಳಬಹುದು. ಯಾವುದೂ ನಿಯಮಕ್ಕೆ ತಪ್ಪಲ್ಲ. ಆದರೆ ಅಲ್ಲಿಗೆ ಹೋದ ಪುಸ್ತಕ ಕವಿಯ ಬರವಣಿಗೆ ಆಗಿ ಉಳಿಯುವುದಿಲ್ಲ, ಸಮಾಜಶಾಸ್ತ್ರದ ಸ್ಯಾಂಪಲ್ ಆಗುತ್ತದೆ. ಭೈರಪ್ಪನವರ ‘ಭಿತ್ತಿ’ಯನ್ನು ಬ್ರಾಹ್ಮಣ ಜಾತಿಯ ಅಧ್ಯಯನ ಅಂತ ಇಡಲು ಯಾರ ಕೈಯೂ ಏಳುವುದಿಲ್ಲ. ನಮ್ಮ ಪುಸ್ತಕಕ್ಕೆ ಮಾತ್ರ ಕೈ ಯಾಕೆ ಅಷ್ಟು ಸಲೀಸಾಗಿ ಅತ್ತ ಹೋಗಬೇಕು? ಊರಿನ ಹೊರಗಿನ ಕೇರಿಯನ್ನು ಕಪಾಟಿನೊಳಕ್ಕೂ ತಂದಂತೆ ಆಯಿತು.

ಬೆಂಗಳೂರಿನಲ್ಲಿ 1962ರಲ್ಲಿ ತರಬೇತಿ ಕೇಂದ್ರ ಕಟ್ಟಿದ ರಂಗನಾಥನ್ ಓದುಗನಿಗೆ ಅವನ ಪುಸ್ತಕ, ಪುಸ್ತಕಕ್ಕೆ ಅದರ ಓದುಗ ಸಿಗಬೇಕೆಂದು ಸೂತ್ರ ಮಾಡಿದರು. ಒಳ್ಳೆಯ ಸೂತ್ರ. ಆದರೆ ಕೌಂಟರಿನ ಮುಂದೆ ನಿಲ್ಲಲು ಹೆದರುವ ಓದುಗ ಆ ಸೂತ್ರದಲ್ಲಿ ಇಲ್ಲ. 1978-79ರಲ್ಲಿ ಸರ್ಕಾರ ಶುರುಮಾಡಿದ ಎಸ್‌ಸಿ, ಎಸ್‌ಟಿ ಬುಕ್ ಬ್ಯಾಂಕ್ ಬೇಡ ಅಂತ ನಾವು ಹೇಳುವುದಿಲ್ಲ. ಅದರಿಂದ ಓದಿದವರುಂಟು. ಎಲ್ಲರೆದುರು ಹೆಸರು ಕೂಗಿ ಬೇರೆ ಬೀರುವಿನಿಂದ ಪುಸ್ತಕ ಕೊಟ್ಟಾಗ ಹೋಟೆಲಿನ ಬೇರೆ ಲೋಟ ನೆನಪಾಗುತ್ತದೆ, ಅಷ್ಟೆ.

ದೇವನೂರು ಅಂತ ಹುಡುಕಿದರೆ ‘ದ್ಯಾವನೂರು ನೋಡಿ’ ಎಂಬ ಒಂದು ಸಾಲು ಬರುವಂತೆ ಮಾಡಲು ಹೊಸ ಕಟ್ಟಡ ಬೇಕಿಲ್ಲ. ನಂಜನಗೂಡು, ನರಸೀಪುರದ ಮಾತು ಬಲ್ಲವರು ಆ ಮೇಜಿನ ಹಿಂದೆ ಕೂತಿರಬೇಕು, ಅಟೆಂಡರ್ ಆಗಿ ಅಲ್ಲ, ನಂಬರ್ ಕೊಡುವ ಗ್ರಂಥಪಾಲಕರಾಗಿ. ಗೆಳೆಯರೇ, ಮೇಷ್ಟ್ರುಗಳೇ, ನಿಮ್ಮ ಕಾಲೇಜಿನಲ್ಲಿ ‘ಊರುಕೇರಿ’ ಯಾವ ನಂಬರಿನಲ್ಲಿದೆ, ಒಮ್ಮೆ ಹೋಗಿ ನೋಡಿ ಪತ್ರಿಕೆಗೆ ಬರೆಯಿರಿ.