‘ಲಾಸ್ಟ್ ಎಷ್ಟು ಸರ್?’

ಹಳೆಯ ಎಚ್‌ಎಂಟಿ ಪೈಲಟ್ ವಾಚೊಂದನ್ನು ಆನ್‌ಲೈನಿನಲ್ಲಿ ಮಾರಾಟಕ್ಕೆ ಇಟ್ಟವರಿಗೆ ಬರುವ ಮೊದಲ ಸಂದೇಶ ಸಾಮಾನ್ಯವಾಗಿ ಇಷ್ಟೇ: ‘ಲಾಸ್ಟ್ ಎಷ್ಟು ಸರ್?’ ವಾಚು ನಡೆಯುತ್ತದೆಯೇ, ಡಯಲ್ ಮೂಲದ್ದೇ, ಸರ್ವಿಸ್ ಯಾವಾಗ ಆಯಿತು ಎಂಬ ವಿಚಾರಣೆ ಇರುವುದಿಲ್ಲ. ಉತ್ತರ ಟೈಪ್ ಮಾಡುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ: ‘1,200 ಕೊಡ್ತೀನಿ, ಈಗಲೇ ಬಂದು ತಗೊಂಡು ಹೋಗ್ತೀನಿ.’ ಜಾಹೀರಾತಿನಲ್ಲಿ ಹಾಕಿದ್ದ ಬೆಲೆ 3,500 ರೂಪಾಯಿ ಎಂದಿಟ್ಟುಕೊಳ್ಳೋಣ. ಮಾರುವವರಿಗೆ ಮೈಯೆಲ್ಲ ಉರಿಯುತ್ತದೆ. ಕೆಲವರು ಬೈದು ಬ್ಲಾಕ್ ಮಾಡುತ್ತಾರೆ, ಕೆಲವರು ಜಾಹೀರಾತನ್ನೇ ತೆಗೆದುಹಾಕುತ್ತಾರೆ, ಇನ್ನು ಕೆಲವರು ಬೇಸತ್ತು ಸಿಕ್ಕಷ್ಟಕ್ಕೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹೇಗೆ ನೋಡಿದರೂ ನಷ್ಟ ಮಾರುವವರದೇ.

ಚೌಕಾಸಿ ನಮಗೆ ಹೊಸದಲ್ಲ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ, ಬೆಂಗಳೂರಿನ ಸಂಡೇ ಬಜಾರಿನಲ್ಲಿ ಹೇಳಿದ ಬೆಲೆಗೆ ಕೊಂಡವರು ಅಪರೂಪ. ಆದರೆ ಅಲ್ಲಿ ಅರ್ಧಕ್ಕೆ ಕೇಳಬೇಕಾದರೂ ಬಿಸಿಲಲ್ಲಿ ನಿಲ್ಲಬೇಕು, ಅಂಗಡಿಯವನ ಮುಖ ನೋಡಬೇಕು, ‘ಗಿಟ್ಟಲ್ಲ, ಮುಂದೆ ಹೋಗಿ’ ಎನ್ನಿಸಿಕೊಳ್ಳುವ ಮುಜುಗರಕ್ಕೂ ಸಿದ್ಧವಿರಬೇಕು. ಫೋನಿನಲ್ಲಿ ಈ ಯಾವ ಖರ್ಚೂ ಇಲ್ಲ. ಓಎಲ್‌ಎಕ್ಸ್ 2006ರಲ್ಲಿ, ಬೆಂಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕ್ವಿಕರ್ 2008ರಲ್ಲಿ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ 2016ರಲ್ಲಿ ಶುರುವಾದವು. ಇವುಗಳಿಂದಾಗಿ ಒಂದೇ ಸಾಲನ್ನು ಹತ್ತಾರು ಜನರಿಗೆ ಒಂದೇ ಸಂಜೆ ಕಳಿಸುವುದು ಬೆರಳಾಟದ ಕೆಲಸವಾಯಿತು. ಹೊರದೇಶಗಳ ಇಬೇಯಲ್ಲಿ, ಇಷ್ಟಕ್ಕಿಂತ ಕಡಿಮೆ ಕೇಳಿದವರನ್ನು ತಾನಾಗಿಯೇ ತಿರಸ್ಕರಿಸು ಎಂದು ಮೊದಲೇ ಹೇಳಿಡುವ ಸೌಲಭ್ಯ ಮಾರುವವರಿಗೆ ಉಂಟು. ಇಬೇ ಇಂಡಿಯಾ 2018ರಲ್ಲಿ ಮುಚ್ಚಿತು. ನಮ್ಮಲ್ಲಿ ಬಹುಪಾಲು ಮಾತುಕತೆ ಚಾಟಿನಲ್ಲೇ ಮುಗಿಯುತ್ತದೆ, ಹಾಗಾಗಿ ಆ ಜರಡಿ ಹಿಡಿಯುವ ಕೆಲಸವನ್ನು ಮಾರುವವರೇ ಮಾಡಬೇಕು.

ಅದಕ್ಕೆ ಮೊದಲು ಎದುರಿಗಿರುವವರು ಯಾರೆಂದು ತಿಳಿಯಬೇಕು. ಅರ್ಧಕ್ಕೆ ಕೇಳುವ ಒಬ್ಬರು ಮರುಮಾರಾಟದ ವ್ಯಾಪಾರಿ. ಸರ್ವಿಸ್ ಖರ್ಚು, ತನ್ನ ಲಾಭ ಎಲ್ಲ ಕಳೆದರೆ ಅವರಿಗೆ ಹೊಂದುವುದು ಅಷ್ಟೇ, ಅದರಲ್ಲಿ ದುರುದ್ದೇಶವೇನೂ ಇಲ್ಲ. ಇನ್ನೊಬ್ಬರು ಅಭ್ಯಾಸಬಲದಿಂದ ಕೇಳುವವರು, ಕೊಡದಿದ್ದರೆ ಬೇಸರವನ್ನೂ ಮಾಡಿಕೊಳ್ಳುವುದಿಲ್ಲ. ನಿಜವಾಗಿ ಗಮನ ಕೊಡಬೇಕಾದವರು ಮತ್ತೊಬ್ಬರಿದ್ದಾರೆ: ವಾಚು ಬೇಕೇಬೇಕು, ಆದರೆ ಬೆಲೆ ಹೀಗೇಕೆ ಎಂದು ಗೊತ್ತಿಲ್ಲದವರು.

ಎಚ್‌ಎಂಟಿಯ ವಿಷಯದಲ್ಲಿ ಈ ಗೊಂದಲಕ್ಕೆ ಗಟ್ಟಿ ಕಾರಣವಿದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಜನತಾ, ಪೈಲಟ್, ಸೋನಾ, ಕೋಹಿನೂರ್, ಕಾಂಚನ್ ಹೆಸರಿನ ವಾಚುಗಳು ಮನೆಮನೆಯ ಮಣಿಕಟ್ಟು ಸೇರಿದವು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟ ಮೇಲೆ ಹಳೆಯವಕ್ಕೆ ಬೇಡಿಕೆ ಏರಿತು. ಬೇಡಿಕೆಯ ಬೆನ್ನಿಗೇ ಮರುಬಣ್ಣದ ವಾಚುಗಳೂ ಬಂದವು: ಹಳೆ ಮಷೀನಿಗೆ ಹೊಸದಾಗಿ ಬಣ್ಣ ಬಳಿದ ಡಯಲ್, ಯಾವುದೋ ವಾಚಿನ ಮುಳ್ಳು, ಇನ್ಯಾವುದೋ ಕೇಸು. ಕಾರ್ಖಾನೆ ಎಂದೂ ಮಾಡದ ಬಣ್ಣಗಳಲ್ಲಿ ಇವು ಮಿರಮಿರ ಮಿಂಚುತ್ತವೆ, ಅಗ್ಗಕ್ಕೂ ಸಿಗುತ್ತವೆ. ಫೋಟೊದಲ್ಲಿ ಎರಡೂ ಪೈಲಟ್‌ಗಳೇ. ಮೂಲ ಡಯಲಿನ ಕಪ್ಪು ವಯಸ್ಸಾದಂತೆ ಕೊಂಚ ಮಾಸಿರುತ್ತದೆ, ಅಕ್ಷರಗಳ ಅಂಚು ಮಾತ್ರ ಚೂಪಾಗಿಯೇ ಇರುತ್ತದೆ. ಮರುಬಣ್ಣದ್ದರಲ್ಲಿ ಕಪ್ಪು ಹೊಸದು, ಅಕ್ಷರ ದಪ್ಪ. ಈ ವ್ಯತ್ಯಾಸ ಪಳಗಿದ ಕಣ್ಣಿಗಷ್ಟೇ ಕಾಣುತ್ತದೆ. ಅಗ್ಗದ ವಾಚು ನೋಡಿ ಬಂದವರು 1,200 ಎಂದರೆ ಅವರು ನಿಜವಾಗಿ ಕೇಳುತ್ತಿರುವುದು, ‘ನಿಮ್ಮದೂ ಅಂಥದ್ದೇ ಅಲ್ಲವೇ?’ ಎಂದು.

ಆ ಪ್ರಶ್ನೆಗೆ ಫೋಟೊ ಉತ್ತರ ಕೊಡಬಲ್ಲದು, ಸಿಟ್ಟು ಕೊಡಲಾರದು. ರಿಪೇರಿಯವರ ಬಳಿ ಹಿಂದಿನ ಮುಚ್ಚಳ ತೆಗೆಸಿ ಮಷೀನಿನ ಚಿತ್ರ ತೆಗೆಯಬೇಕು. ಡಯಲನ್ನು ಹಗಲ ಬೆಳಕಿನಲ್ಲಿ, ಹತ್ತಿರದಿಂದ, ಗಾಜಿನ ಮೇಲೆ ಪ್ರತಿಬಿಂಬ ಬೀಳದಂತೆ ತೆಗೆಯಬೇಕು. ಗಾಜಿನ ಗೀರು, ಕೇಸಿನ ತಗ್ಗು, ಬದಲಾಯಿಸಿದ ಬೆಲ್ಟು ಎಲ್ಲವನ್ನೂ ಮಾರುವವರೇ ಮುಂದಾಗಿ ಬರೆಯಬೇಕು. ಕೀ ಪೂರ್ತಿ ಕೊಟ್ಟರೆ ಎಷ್ಟು ಗಂಟೆ ನಡೆಯುತ್ತದೆ, ದಿನಕ್ಕೆ ಎಷ್ಟು ನಿಮಿಷ ಹಿಂದೆಮುಂದೆ ಆಗುತ್ತದೆ ಎಂಬುದನ್ನು ಗಮನಿಸಿ ಸೇರಿಸಿದರೆ ಇನ್ನೂ ಒಳ್ಳೆಯದು. ಇಷ್ಟು ಮಾಹಿತಿ ಇರುವ ಜಾಹೀರಾತಿಗೆ ಅರ್ಧ ಬೆಲೆ ಕೇಳುವ ಧೈರ್ಯ ಎಲ್ಲರಿಗೂ ಬರುವುದಿಲ್ಲ.

ಬೆಲೆ ಹಾಕುವಾಗ ಮಾರುವವರೂ ತಮ್ಮ ಮೇಲೊಂದು ಕಣ್ಣಿಟ್ಟಿರಬೇಕು. ಡೇನಿಯಲ್ ಕಾನಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ಗು ಕೊಟ್ಟು ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು, ಮಗ್ಗು ಸಿಗದವರನ್ನು ಎಷ್ಟಕ್ಕೆ ಕೊಳ್ಳುತ್ತೀರಿ ಎಂದು ಕೇಳಿದರು. ಮಾರುವವರ ಮಧ್ಯದ ಬೆಲೆ 7.12 ಡಾಲರ್, ಕೊಳ್ಳುವವರದು 2.87. ಕೈಗೆ ಬಂದು ಸ್ವಲ್ಪ ಹೊತ್ತಾದ ಮಗ್ಗಿನ ಕಥೆ ಇದು. ಅಜ್ಜ ಮೂವತ್ತು ವರ್ಷ ಕಟ್ಟಿದ್ದ ವಾಚಿನ ಮೇಲೆ ಮೊಮ್ಮಗ ಹಾಕುವ ಬೆಲೆ ಹೇಗಿರಬಹುದು! ಆ ಮಮತೆಗೆ ಪೇಟೆಯಲ್ಲಿ ಯಾರೂ ದುಡ್ಡು ಕೊಡುವುದಿಲ್ಲ. ಹಾಗಾಗಿ ಬೆಲೆ ನಿಗದಿ ಮಾಡುವಾಗ ಬೇರೆ ಜಾಹೀರಾತುಗಳಲ್ಲಿ ಜನ ಕೇಳುತ್ತಿರುವ ಮೊತ್ತ ನೋಡಿದರೆ ಸಾಲದು. ವಾಚು ಸಂಗ್ರಹಿಸುವವರ ಗುಂಪುಗಳಲ್ಲಿ ಅದು ನಿಜಕ್ಕೂ ಎಷ್ಟಕ್ಕೆ ಹೋಯಿತು ಎಂದು ವಿಚಾರಿಸಬೇಕು.

ಬೆಲೆಯ ಅಂಕಿಯೂ ಮಾತಾಡುತ್ತದೆ. ಇಬೇಯ ವ್ಯವಹಾರಗಳನ್ನು ಜಾಲಾಡಿದ ಮ್ಯಾಥ್ಯೂ ಬ್ಯಾಕಸ್, ಟಾಮ್ ಬ್ಲೇಕ್, ಸ್ಟೀವನ್ ಟಾಡೆಲಿಸ್ 2019ರ ಪ್ರಬಂಧದಲ್ಲಿ ತೋರಿಸಿದ ಸಂಗತಿ ಇದು: 100, 200 ಎಂಬ ಪೂರ್ಣ ನೂರರ ಬೆಲೆ ಹಾಕಿದ ವಸ್ತುಗಳಿಗೆ, ಆಸುಪಾಸಿನ ನಿಖರ ಅಂಕಿಯ ಬೆಲೆ ಹಾಕಿದವಕ್ಕಿಂತ ಶೇ 5ರಿಂದ 8ರಷ್ಟು ಕಡಿಮೆ ಮೊತ್ತದ ಕೇಳಿಕೆ ಬಂದಿತ್ತು. ಆದರೆ ಕೇಳಿಕೆ 6ರಿಂದ 11 ದಿನ ಬೇಗ ಬಂದಿತ್ತು, ಮಾರಾಟವಾಗುವ ಸಾಧ್ಯತೆಯೂ ಕೊಂಚ ಹೆಚ್ಚಿತ್ತು. ಪೂರ್ಣ ಅಂಕಿ ನೋಡಿದವರಿಗೆ ‘ಇವರಿಗೆ ಅವಸರವಿದೆ’ ಎಂಬ ಸುಳಿವು ಸಿಗುತ್ತದೆ. ಪೈಲಟ್ ವಾಚಿಗೆ ಅವಸರವಿಲ್ಲದಿದ್ದರೆ 3,500ರ ಬದಲು 3,350 ಎಂದು ಬರೆಯುವುದರಲ್ಲಿ ಅರ್ಥವಿದೆ.

ಇನ್ನು ಆ 1,200ಕ್ಕೆ ಏನೆಂದು ಉತ್ತರಿಸಬೇಕು? ಇಲ್ಲಿ ಮಾರುವವರು ಮಾಡುವ ದೊಡ್ಡ ತಪ್ಪು, ಎದುರಿನವರ ಅಂಕಿಯಿಂದ ಲೆಕ್ಕ ಶುರುಮಾಡುವುದು. ಇಬೇಯ ಎರಡೂವರೆ ಕೋಟಿಗೂ ಹೆಚ್ಚು ಜಾಹೀರಾತುಗಳ ಚೌಕಾಸಿಯನ್ನು ಪರಿಶೀಲಿಸಿದ 2020ರ ಇನ್ನೊಂದು ಅಧ್ಯಯನಕ್ಕೆ ಎದ್ದು ಕಂಡ ಒಲವೊಂದಿದೆ: ಎರಡು ಬೆಲೆಗಳ ನಡುಮಧ್ಯದ ಮೊತ್ತ ಹೇಳುವುದು, ಅದನ್ನು ಒಪ್ಪಿಕೊಳ್ಳುವುದು. ಮಧ್ಯಕ್ಕೆ ಬರುವುದು ನ್ಯಾಯವೆಂದು ಇಬ್ಬರಿಗೂ ತೋರುತ್ತದೆ. ಆದರೆ 3,350 ಮತ್ತು 1,200ರ ಮಧ್ಯ 2,275. ಅದೇ ಕೊಳ್ಳುವವರು 2,600 ಎಂದು ಶುರುಮಾಡಿದ್ದರೆ ಮಧ್ಯ 2,975 ಆಗುತ್ತಿತ್ತು. ಮೊದಲ ಮಾತು ಎಷ್ಟು ಕೆಳಗಿದ್ದರೆ ಮಧ್ಯವೂ ಅಷ್ಟು ಕೆಳಗೆ ಜಾರುತ್ತದೆ. ಅಸಂಬದ್ಧ ಮೊತ್ತಕ್ಕೆ ಪ್ರತಿಯಾಗಿ ಹೊಸ ಅಂಕಿ ಹೇಳಲೇಬಾರದು ಎನ್ನುವುದು ಇದೇ ಕಾರಣಕ್ಕೆ. ‘ಕೇಳಿದ್ದಕ್ಕೆ ಥ್ಯಾಂಕ್ಸ್ ಸರ್. ಡಯಲ್ ಒರಿಜಿನಲ್, ಮಷೀನ್ ಫೋಟೊ ಹಾಕಿದ್ದೀನಿ. ಅಷ್ಟಕ್ಕೆ ಆಗಲ್ಲ. ಇಷ್ಟ ಇದ್ದರೆ ಶನಿವಾರ ಬಂದು ನೋಡಿ.’ ಇಷ್ಟು ಸಾಕು. 2,600 ಎಂದವರಿಗೆ ಮಾತ್ರ ಪ್ರತಿಬೆಲೆ ಹೇಳಬೇಕು, ಅದೂ ಒಂದೇ ಸಲ. ಕೊಡಬಹುದಾದ ಕನಿಷ್ಠ ಬೆಲೆಯನ್ನು ಜಾಹೀರಾತು ಹಾಕುವ ಮುಂಚೆಯೇ ಕಾಗದದಲ್ಲಿ ಬರೆದಿಟ್ಟುಕೊಂಡರೆ, ರಾತ್ರಿ ಹನ್ನೊಂದಕ್ಕೆ ಬರುವ ‘ಫೈನಲ್ ಹೇಳಿ ಬ್ರೋ’ ಎದುರು ಮನಸ್ಸು ಓಲಾಡುವುದಿಲ್ಲ.

ಎಲ್ಲ ವಸ್ತುವಿಗೂ ಈ ಬಿಗಿ ಸಲ್ಲದು. ತಿಂಗಳ ಕೊನೆಗೆ ಬಾಡಿಗೆ ಮನೆ ಖಾಲಿ ಮಾಡುವವರ ಮಂಚ, ಸೋಫಾ, ಫ್ರಿಜ್ಜುಗಳ ಲೆಕ್ಕವೇ ಬೇರೆ. ಮೂರನೇ ಮಹಡಿಯಿಂದ ಇಳಿಸುವ ಕೂಲಿ, ಟೆಂಪೊ ಬಾಡಿಗೆ, ಮಾಲೀಕರು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ಭಯ ಎಲ್ಲವನ್ನೂ ಕೂಡಿಸಿದರೆ, ತಾವೇ ಆಳು ಕರೆತಂದು ಇವತ್ತೇ ಒಯ್ಯುತ್ತೇವೆ ಎನ್ನುವವರ ಅರ್ಧ ಬೆಲೆಯೇ ಒಳ್ಳೆಯ ಬೆಲೆ. ವಾಚು ಡ್ರಾಯರಿನಲ್ಲಿ ಒಂದು ವರ್ಷ ಕಾಯಬಲ್ಲದು. ಸೋಫಾ ಕಾಯಲಾರದು.

ಒಪ್ಪಿದ ಮೇಲೆ ಮನೆ ಬಾಗಿಲಲ್ಲಿ ನಿಂತು ‘ಇಷ್ಟೇ ಕ್ಯಾಶ್ ತಂದಿದ್ದೀನಿ’ ಎನ್ನುವವರೂ ಇದ್ದಾರೆ. ಜಾಹೀರಾತಿನಲ್ಲಿ ಹೇಳದ ದೋಷವೊಂದನ್ನು ಅವರು ತೋರಿಸಿದರೆ ಇಳಿಸುವುದು ಧರ್ಮ. ಹಾಗಿಲ್ಲದಿದ್ದರೆ ಚಾಟಿನಲ್ಲಿ ಒಪ್ಪಿದ ಬೆಲೆಯನ್ನು ತೋರಿಸಿ, ನೀರು ಕೊಟ್ಟು ಕಳಿಸಬೇಕು. ಬೈಕಿನ ವಿಷಯದಲ್ಲಿ ಬೆಲೆಗಿಂತ ಕಾಗದ ಮುಖ್ಯ. ‘ಆರ್‌ಸಿ ಆಮೇಲೆ ಮಾಡಿಸ್ಕೋತೀನಿ’ ಎನ್ನುವವರು ಎಷ್ಟೇ ಹೆಚ್ಚು ಕೊಟ್ಟರೂ ಬೇಡ. ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿದೆ. ನಮೂನೆ 29 ಮತ್ತು 30ಕ್ಕೆ ಸಹಿ ಬಿದ್ದು ವರ್ಗಾವಣೆಯ ಅರ್ಜಿ ಸಲ್ಲಿಕೆಯಾಗುವವರೆಗೆ ಗಾಡಿ ಕೊಡಬಾರದು.

ಕಡಿಮೆ ಕೇಳುವವರಿಗಿಂತ ನಿಜವಾಗಿ ಹೆದರಬೇಕಾದದ್ದು ಚೌಕಾಸಿಯನ್ನೇ ಮಾಡದವರಿಗೆ. ವಸ್ತು ನೋಡುವುದಿಲ್ಲ, ಒಂದು ಪ್ರಶ್ನೆ ಕೇಳುವುದಿಲ್ಲ, ಕೇಳಿದಷ್ಟಕ್ಕೂ ಒಪ್ಪಿಬಿಡುತ್ತಾರೆ. ತಾನು ಸೇನೆಯಲ್ಲಿದ್ದೇನೆ, ವರ್ಗವಾಗಿದೆ ಎಂದು ಗುರುತಿನ ಚೀಟಿಯ ಚಿತ್ರ ಕಳಿಸುತ್ತಾರೆ. ಹಿಂದೆಯೇ ಕ್ಯೂಆರ್ ಕೋಡ್ ಕಳಿಸಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ಹಣ ನಿಮ್ಮ ಖಾತೆಗೆ ಬರುತ್ತದೆ ಎನ್ನುತ್ತಾರೆ. ಯುಪಿಐಯಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಹಾಕಿದರೆ ಹಣ ಹೋಗುತ್ತದೆ, ಬರುವುದಿಲ್ಲ. ಯಾರಾದರೂ ಮೋಸಹೋಗಿದ್ದರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಕರೆ ಮಾಡಬೇಕು. ದೂರು ಬೇಗ ದಾಖಲಾದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಕೊಳ್ಳುವವರಲ್ಲೂ ಒಂದು ವಿನಂತಿ. ಕಡಿಮೆಗೆ ಕೇಳುವುದು ನಿಮ್ಮ ಹಕ್ಕು, ಅದನ್ನು ಕಾರಣದೊಡನೆ ಕೇಳಿ. ‘ಗಾಜು ಬದಲಾಯಿಸಬೇಕು, ಸರ್ವಿಸ್ ಆಗಬೇಕು, ಅದನ್ನೆಲ್ಲ ಕಳೆದು 2,700 ಕೊಡಬಲ್ಲೆ, ಭಾನುವಾರ ಬೆಳಿಗ್ಗೆ ಬರುತ್ತೇನೆ’ ಎಂದು ಬರೆದವರಿಗೆ ಉತ್ತರ ಸಿಗುತ್ತದೆ, ಹೆಚ್ಚಿನ ಸಲ ವಾಚೂ ಸಿಗುತ್ತದೆ.