ಕೇರಂ ಕಣ್ಣು, ಪೂಲ್ ಮೇಜು

ಮುಂಬಯಿಯಲ್ಲಿ ಮನೆಯೊಳಗೆ ಪೂಲ್ ಮೇಜು ಇಟ್ಟುಕೊಂಡವರು ಕಡಿಮೆ. ಅವರಲ್ಲಿ ಕುಶನ್ ಬದಲಿಸಿದ ಮೇಲೆ "ಇಂಪೋರ್ಟೆಡ್ ರಬ್ಬರ್ ಹಾಕಿಸಿದೆ" ಎಂದು ಹೇಳದವರು ಇನ್ನೂ ಕಡಿಮೆ. ಆ ಎರಡು ಪದಗಳಿಗೆ ಸಿಕ್ಕಿರುವ ಮರ್ಯಾದೆ ಅವುಗಳ ಯೋಗ್ಯತೆಗೆ ಮೀರಿದ್ದು ಎಂದು ನಾನು ಖಂಡಿತವಾಗಿ ನಂಬಿದ್ದೇನೆ. ಜರ್ಮನಿಯ ಆರ್ಟೆಮಿಸ್, ಅಮೆರಿಕದ ಬ್ರನ್ಸ್‌ವಿಕ್‌ನವರ ಸೂಪರ್‌ಸ್ಪೀಡ್ ಒಳ್ಳೆಯ ರಬ್ಬರುಗಳೇ. ತಮಗೆ ಒಪ್ಪುವ ಮರಕ್ಕೆ ಅಂಟಿ ಕೂತರೆ ಅವುಗಳ ಮೇಲೆ ಆಕ್ಷೇಪ ಎತ್ತುವಂತಿಲ್ಲ. ಆದರೆ ಅವು ಎಷ್ಟು ಎತ್ತರದಲ್ಲಿ ಚೆಂಡನ್ನು ಮುಟ್ಟಬೇಕು ಎಂಬುದನ್ನು ಅಂಗಡಿಯವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ, ಮಿಸ್ತ್ರಿ ಅಳೆಯುವುದಿಲ್ಲ. ಎಲ್ಲ ಗುಟ್ಟೂ ಆ ಅಳತೆಯಲ್ಲಿದೆ.

ಚೆಂಬೂರಿನ ನನ್ನ ಭಾವನ ಮನೆಯ ಕೆಳಮಹಡಿಯಲ್ಲಿ 8 ಅಡಿಯ ಮೇಜಿದೆ. ಆಟದ ಹಾಸು 88 ಇಂಚು ಉದ್ದ, 44 ಇಂಚು ಅಗಲ. ಹಲವು ಮಳೆಗಾಲ ಕಂಡ ಅದರ ಕುಶನ್ ಉಗುರು ಊರಿದರೂ ತಗ್ಗದಷ್ಟು ಗಟ್ಟಿಯಾಗಿತ್ತು. ಚೆಂಡು ಬಡಿದರೆ ಮರಕ್ಕೆ ಬಡಿದಂತೆ ಟಕ್ ಎನ್ನುತ್ತಿತ್ತು. ಭಾವ ನಗರದ ಒಂದು ಅಂಗಡಿಯಿಂದ ಕೆ-66 ಎಂಬ ನಮೂನೆಯ ಆರು ಪಟ್ಟಿಗಳನ್ನು ತರಿಸಿದರು. ಅಂಗಡಿಯವರೇ ಕಳಿಸಿದ ಮಿಸ್ತ್ರಿ ಎರಡು ದಿನದಲ್ಲಿ ಕೆಲಸ ಮುಗಿಸಿ, "ಅಬ್ ಸ್ಪೀಡ್ ದೇಖೋ ಸಾಬ್" ಎಂದು ಹೇಳಿ ಹೋದ. ಸ್ಪೀಡ್ ಇತ್ತು, ಸುಳ್ಳಲ್ಲ. ಮೂರನೆಯ ಸಂಜೆ ಕಿಟಕಿ ಬದಿಯ ಕುಶನ್ನಿಗೆ ತುಸು ಜೋರಾಗಿ ಬಡಿದ ಬಿಳಿ ಚೆಂಡು ಪಟ್ಟಿಯನ್ನೇರಿ ಮೊಸಾಯಿಕ್ ನೆಲಕ್ಕೆ ಬಿತ್ತು. "ಹೊಸ ರಬ್ಬರ್ ಮಾರಾಯ, ಪಳಗಬೇಕು" ಎಂದರು ಭಾವ. ನಾನು ವರ್ನಿಯರ್ ತಂದು ಅಳೆದೆ. ಐದು ಪಟ್ಟಿಗಳ ಮೂಗು, ಅಂದರೆ ಚೆಂಡು ತಾಗುವ ತುದಿ, ಹಾಸಿನಿಂದ 33.5 ಮಿಲಿಮೀಟರ್ ಎತ್ತರದಲ್ಲಿತ್ತು, ಕಿಟಕಿ ಬದಿಯದ್ದು 32.5. ಇರಬೇಕಾದದ್ದು 36.3.

ಈ 36.3 ಎಲ್ಲಿಂದ ಬಂತು? ವಿಶ್ವ ಪೂಲ್-ಬಿಲಿಯರ್ಡ್ ಸಂಸ್ಥೆಯ ನಿಯಮದಂತೆ ಕುಶನ್ನಿನ ಮೂಗಿನ ಎತ್ತರ ಚೆಂಡಿನ ವ್ಯಾಸದ ಶೇ. 62.5ರಿಂದ 64.5ರ ಒಳಗಿರಬೇಕು. ಪೂಲ್ ಚೆಂಡಿನ ವ್ಯಾಸ 57.15 ಮಿಲಿಮೀಟರ್. ಹಾಗಾಗಿ ಅಂಗೀಕೃತ ಎತ್ತರ 35.7ರಿಂದ 36.9. ಎರಡರ ನಡುವಿನ ಅವಕಾಶ ಒಂದೂವರೆ ಎಟಿಎಂ ಕಾರ್ಡಿನ ದಪ್ಪ. ಇದನ್ನು ಕಣ್ಣಳತೆಯಲ್ಲಿ ಹಿಡಿಯುವ ಮಿಸ್ತ್ರಿ ಹುಟ್ಟಿಲ್ಲ.

ಇಷ್ಟು ಬಿಗಿ ಏಕೆ? ಉರುಳಿ ಬರುವ ಚೆಂಡನ್ನು ಮನಸ್ಸಿನಲ್ಲಿ ತುಸು ನಿಧಾನಗೊಳಿಸಿ ನೋಡಿ. ಮುಂದಕ್ಕೆ ಉರುಳುವ ಚೆಂಡಿನ ಮುಂಭಾಗ ಯಾವಾಗಲೂ ಕೆಳಕ್ಕೆ ಇಳಿಯುತ್ತಿರುತ್ತದೆ. ಇಳಿಯುತ್ತಿರುವ ಆ ಮೈ ಕುಶನ್ನಿನ ಬಟ್ಟೆಗೆ ಉಜ್ಜಿದಾಗ ಬಟ್ಟೆ ಅದನ್ನು ಮೇಲಕ್ಕೆ ನೂಕುತ್ತದೆ. ಪ್ರತಿ ಬಡಿತದಲ್ಲೂ ಚೆಂಡು ಏಳಲು ನೋಡುತ್ತದೆ ಎಂದಾಯಿತು. ಅದನ್ನು ಅದುಮಲೆಂದೇ ಮೂಗು ಚೆಂಡಿನ ನಡುವಿಗಿಂತ ಮೇಲೆ ತಾಗುವಂತೆ ಇಟ್ಟಿರುವುದು. ಮೇಲೆ ತಾಗಿದಾಗ ಕುಶನ್ನಿನ ಒತ್ತಡದ ಒಂದು ಪಾಲು ಕೆಳಮುಖವಾಗಿ ಬೀಳುತ್ತದೆ. ಮೂಗು ತಗ್ಗಿದರೆ ಆ ಪಾಲು ಸೊರಗಿ ಚೆಂಡು ಜಿಗಿಯುತ್ತದೆ. ಮೂಗು ಅತಿಯಾಗಿ ಏರಿದರೆ ಚೆಂಡನ್ನು ಹಾಸಿನಡಿಯ ಸ್ಲೇಟಿಗೆ ಒತ್ತುತ್ತದೆ. ವೇಗ ಅಲ್ಲೇ ಇಂಗುತ್ತದೆ, ಕುಶನ್ನಿನ ಬುಡದುದ್ದಕ್ಕೂ ಬಟ್ಟೆ ಸವೆದು ಗೀರು ಮೂಡುತ್ತದೆ. ಫ್ರಾನ್ಸಿನ ಕೊರಿಯೊಲಿ 1835ರಲ್ಲೇ ಬಿಲಿಯರ್ಡ್ಸ್ ಚೆಂಡಿನ ಗಣಿತವನ್ನು ಗ್ರಂಥವಾಗಿಸಿದ್ದ. ಚೆಂಡಿನ ಹತ್ತರಲ್ಲಿ ಏಳು ಪಾಲು ಎತ್ತರಕ್ಕೆ ನೆಟ್ಟಗೆ ಪೆಟ್ಟು ಬಿದ್ದರೆ ಅದು ಜಾರದೆ ಒಮ್ಮೆಲೇ ಉರುಳತೊಡಗುತ್ತದೆ. ಕಾಗದದ ಮೇಲೆ ಕುಶನ್ನಿಗೂ ಅದೇ ಎತ್ತರ, ಅಂದರೆ ನಮ್ಮ ಚೆಂಡಿಗೆ 40 ಮಿಲಿಮೀಟರ್, ಆದರ್ಶವೆನಿಸುತ್ತದೆ. ಆದರೆ ಕುಶನ್ ನೆಟ್ಟಗೆ ಹೊಡೆಯುವುದಿಲ್ಲ, ಓರೆಯಾಗಿ ಅದುಮುತ್ತದೆ. ಅದಕ್ಕೇ ನಿಯಮ ಅಷ್ಟು ಮೇಲಕ್ಕೆ ಹೋಗದೆ ಕೆಳಗೇ ನಿಂತಿದೆ. ಜಿಗಿತ ಮತ್ತು ಒತ್ತಡಗಳ ನಡುವೆ ಹುಡುಕಿ ಹಿಡಿದ ಆ ಜಾಗ ಇಡೀ ಮೇಜಿನಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವ ಸಂಗತಿ.

ಭಾವನ ಮೇಜಿನಲ್ಲಿ ಆ ಜಾಗ ತಪ್ಪಿದ್ದು ಹೀಗೆ. ಹಳೆಯ ಅಂಟು ಹೋಗಲೆಂದು ಮಿಸ್ತ್ರಿ ಪಟ್ಟಿ ಅಂಟುವ ಮರದ ಓರೆಮುಖವನ್ನೇ ಮರಳುಕಾಗದದಲ್ಲಿ ಉಜ್ಜಿದ್ದ. ಆ ಮುಖದಿಂದ ಮೂಗಿನ ತುದಿಗೆ ಸುಮಾರು 30 ಮಿಲಿಮೀಟರ್ ದೂರ. ಓರೆ ಒಂದು ಡಿಗ್ರಿ ಬದಲಾದರೆ ಮೂಗು ಅರ್ಧ ಮಿಲಿಮೀಟರ್ ಏರುತ್ತದೆ ಅಥವಾ ಇಳಿಯುತ್ತದೆ. ಮೊದಲಿದ್ದ ಪಟ್ಟಿಯ ನಮೂನೆ ಯಾವುದು ಎಂದೂ ಅವನು ನೋಡಿರಲಿಲ್ಲ. ಕೆ-66 ಮತ್ತು ಕೆ-55 ಅಂಗೈಯಲ್ಲಿ ಹಿಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ ಅವು ಕೇಳುವ ಮರದ ಓರೆ ಬೇರೆ, ದಪ್ಪ ಬೇರೆ. ಕಾಸು ಹಾಕಿ ಆಡುವ ವ್ಯಾಲಿ ಮೇಜುಗಳ ಯು-23 ಅಂತೂ ಬೇರೆಯದೇ ಜಾತಿ. ಸಾಲದ್ದಕ್ಕೆ ಮುಂಬಯಿಯಲ್ಲಿ 2 ಇಂಚಿನ ಸಣ್ಣ ಚೆಂಡಿನ ಮೇಜುಗಳೂ ಇವೆ. ಅದೇ ಲೆಕ್ಕದಲ್ಲಿ ಅವಕ್ಕೆ ಬೇಕಾದ ಮೂಗಿನ ಎತ್ತರ 32 ಮಿಲಿಮೀಟರಿನ ಆಸುಪಾಸು. "ಪೂಲ್ ಮೇಜಿನ ರಬ್ಬರ್ ಕೊಡಿ" ಎಂದಷ್ಟೇ ಕೇಳುವುದು "ಕಾಲಿಗೆ ಚಪ್ಪಲಿ ಕೊಡಿ" ಎಂದು ಅಳತೆ ಹೇಳದೆ ಕೇಳಿದ ಹಾಗೆ.

ಬುದ್ಧಿವಂತರೂ ಇಲ್ಲಿ ಎಡವುತ್ತಾರೆ. ಕಾರಣ ನಮ್ಮ ಕಣ್ಣು ಪಳಗಿದ್ದು ಕೇರಂನಲ್ಲಿ. ಗಿರಗಾಂವ್, ಪರೇಲ್, ದಾದರಿನ ಚಾಳುಗಳ ಪಡಸಾಲೆಯಲ್ಲಿ ಬಲ್ಬಿನ ಕೆಳಗೆ ಬೋರಿಕ್ ಪುಡಿ ಉದುರಿಸಿ ಆಡಿದ ಆಟ ಅದು. ಅಲ್ಲಿ ಚೌಕಟ್ಟಿನ ಮರ ಎಷ್ಟು ಗಟ್ಟಿಯೋ, ಎಷ್ಟು ಭಾರವೋ ಅಷ್ಟು ಒಳ್ಳೆಯದು. ಸ್ಟ್ರೈಕರ್ ಎಷ್ಟು ಚುರುಕಾಗಿ ಮರಳುತ್ತದೋ ಅಷ್ಟು ಬೋರ್ಡಿಗೆ ಬೆಲೆ. ಇದು ಕೇರಂಗೆ ಪೂರ್ತಿ ಸರಿ. ಸ್ಟ್ರೈಕರ್ ಚಪ್ಪಟೆ ಬಿಲ್ಲೆ, ಜಾರುತ್ತ ಹೋಗಿ ತನ್ನ ನೆಟ್ಟಗಿನ ಅಂಚಿನಿಂದ ಮರಕ್ಕೆ ಬಡಿಯುತ್ತದೆ. ಚೌಕಟ್ಟು ಅರ್ಧ ಇಂಚು ಎತ್ತರವಾದರೂ ಅದಕ್ಕೆ ವ್ಯತ್ಯಾಸವಿಲ್ಲ. ಉರುಳುವ ಚೆಂಡಿಗೆ ಆ ಎತ್ತರವೇ ಜೀವ. ಜಾರುವುದನ್ನು ನೋಡಿ ಕಲಿತ ಕಣ್ಣು ಉರುಳುವುದನ್ನು ತೂಗಲು ಕೂತಾಗ ಮರಳುವ ವೇಗವೊಂದೇ ಕಾಣುತ್ತದೆ. "ಸ್ಪೀಡ್ ದೇಖೋ" ಎಂಬ ಮಾತು ಹುಟ್ಟಿದ್ದು ಅಲ್ಲೇ.

ಈ ವೇಗದ ಪಕ್ಷಕ್ಕೆ ತನ್ನದೇ ಪಂಡಿತರಿದ್ದಾರೆ. ಅವರ ಜೊತೆ ನನ್ನ ಜಗಳ ಹಳೆಯದು. ಚೆಂಡನ್ನು ಉದ್ದಕ್ಕೆ ಜೋರಾಗಿ ಹೊಡೆದು ಅದು ಮೇಜಿನ ಎಷ್ಟು ಉದ್ದ ಓಡಿತು ಎಂದು ಎಣಿಸುವುದು ಅವರ ಪರೀಕ್ಷೆ. ನಾಲ್ಕು ದಾಟಿದರೆ ರಬ್ಬರು ಪಾಸು, ಐದು ದಾಟಿದರೆ ಹೊಗಳಿಕೆ. ಈ ಪರೀಕ್ಷೆಗೆ ಆಧಾರ ಇಲ್ಲದಿಲ್ಲ. ಕ್ಯೂ ಮಟ್ಟಸವಾಗಿ ಹಿಡಿದು ಹೊಡೆದ ಚೆಂಡು ಕನಿಷ್ಠ 4ರಿಂದ 4.5 ಉದ್ದ ಓಡಬೇಕು ಎಂದು ನಿಯಮವೇ ಹೇಳುತ್ತದೆ. ಆದರೆ ಅದೇ ವಾಕ್ಯ ಚೆಂಡು ಜಿಗಿಯದೆ ಓಡಬೇಕು ಎಂದು ಮುಗಿಯುತ್ತದೆ. ವೇಗದವರು ಆ ಬಾಲವನ್ನು ಕತ್ತರಿಸಿ ಉಳಿದದ್ದನ್ನು ಮಂತ್ರದಂತೆ ಹೇಳುತ್ತಾರೆ. ಭಾವನ ಮೇಜು ಅವರ ಲೆಕ್ಕದಲ್ಲಿ ಉತ್ತಮ ದರ್ಜೆಯಲ್ಲಿ ಪಾಸಾಗುತ್ತಿತ್ತು. ಗಾಳಿಯಲ್ಲಿ ತುಸು ಹಾರಿದ ಚೆಂಡಿಗೆ ಬಟ್ಟೆಯ ತಡೆ ಎಲ್ಲಿಂದ ಬರಬೇಕು? ಮೇಲಾಗಿ ಈ ಎಣಿಕೆ ಅಳೆಯುವುದು ಬರೀ ಕುಶನ್ನನ್ನಲ್ಲ, ಹಾಸಿನ ಬಟ್ಟೆಯನ್ನೂ ಹವೆಯನ್ನೂ. ಜನವರಿಯಲ್ಲಿ ಐದು ಓಡುವ ಮೇಜು ಜುಲೈಯ ತೇವದಲ್ಲಿ ಅಷ್ಟು ಓಡುವುದಿಲ್ಲ. ಆ ಆರು ತಿಂಗಳಲ್ಲಿ ರಬ್ಬರು ಬದಲಾಗಿರುವುದಿಲ್ಲ.

ಇನ್ನೊಂದು ಕಡೆ ಕ್ಲಬ್ಬುಗಳ ಸ್ನೂಕರ್ ಹಿರಿಯರು. ಅವರ ಬಗ್ಗೆ ನನಗೆ ಗೌರವವಿದೆ. 1958ರಲ್ಲಿ ಕಲ್ಕತ್ತೆಯಲ್ಲಿ ವಿಲ್ಸನ್ ಜೋನ್ಸ್ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಪ್ರಶಸ್ತಿ ಗೆದ್ದದ್ದು, 1977ರಲ್ಲಿ ಮೈಕೆಲ್ ಫೆರೇರಾ ಗೆದ್ದದ್ದು ಮುಂಬಯಿಯ ಮೇಜುಗಳ ಮೇಲೆ ಸಾಧನೆ ಮಾಡಿಯೇ. ಬಿಲಿಯರ್ಡ್ಸ್ ಆಡಿದವರಿಗೆ ಕುಶನ್ನಿನ ನಿಜ ಕಿವಿಯಲ್ಲೇ ಗೊತ್ತಾಗುತ್ತದೆ. ಅವರು ವೇಗ ಕೇಳುವುದಿಲ್ಲ, ಆರೂ ಪಟ್ಟಿಗಳು ಒಂದೇ ಸ್ವರದಲ್ಲಿ ನುಡಿಯುತ್ತವೆಯೇ ಎಂದು ಕೇಳುತ್ತಾರೆ. ಇಂಥ ತಿಳಿವಳಿಕೆ ಇಟ್ಟುಕೊಂಡೂ ಮನೆಯ ಪೂಲ್ ಮೇಜನ್ನು ಆಟಿಕೆ ಎಂದು ಕೈಬಿಡುತ್ತಾರೆ, ಕೇಳಲು ಹೋದವರಿಗೆ "ಸ್ನೂಕರ್ ರಬ್ಬರನ್ನೇ ಹಾಕಿಸಿಬಿಡಿ" ಎನ್ನುತ್ತಾರೆ. ಈ ಸಲಹೆ ವೇಗದವರ ಮಂತ್ರಕ್ಕಿಂತ ಅಪಾಯಕಾರಿ. ಸ್ನೂಕರಿನ ಪಟ್ಟಿ 52.5 ಮಿಲಿಮೀಟರಿನ ಚೆಂಡಿಗೆ, ಉಕ್ಕಿನ ಬೆನ್ನಿಗೆ ಮಾಡಿದ್ದು. ಅದರ ಆಕಾರವೇ ಬೇರೆ. ಪೂಲ್ ಮೇಜಿನ ಮರಕ್ಕೆ ಅದನ್ನು ಕೂರಿಸಿದರೆ ಯಾವ ಎತ್ತರ ಬರುತ್ತದೆಂದು ಯಾರೂ ಮೊದಲೇ ಹೇಳಲಾರರು. ತಿಳಿದವರು ತಾತ್ಸಾರ ಮಾಡಿದ್ದರಿಂದಲೇ ಈ ಕ್ಷೇತ್ರ ಅಂಗಡಿಯ ಚೀಟಿಯ ಪಾಲಾಯಿತು.

ರಬ್ಬರಿನ ಗುಣಕ್ಕೆ ಬೆಲೆಯೇ ಇಲ್ಲವೇ ಎಂದರೆ, ಇದೆ. ಸುಳ್ಯ, ಪುತ್ತೂರಿನ ಕಡೆಯಿಂದ ಮುಂಬಯಿಗೆ ಬಂದ ನಮ್ಮವರಿಗೆ ಮರದಿಂದ ಇಳಿಸಿದ ಹಾಲು ಗೊತ್ತು, ಹೊಗೆಗೂಡಿನ ಹಾಳೆ ಗೊತ್ತು. ಗಂಧಕ ಬೆರೆಸಿ ಬೇಯಿಸುವವರೆಗೆ ಆ ಹಾಳೆಗೆ ಸ್ಥಿರ ಗುಣವಿಲ್ಲ. ಲಂಡನ್ನಿನ ಜಾನ್ ಥರ್ಸ್ಟನ್ 1835ರಲ್ಲಿ ಕುಶನ್ನಿಗೆ ರಬ್ಬರ್ ತಂದಾಗ ಅದು ಚಳಿಯಲ್ಲಿ ಕಲ್ಲಾಗುತ್ತಿತ್ತು. ಗಂಧಕದಲ್ಲಿ ಬೆಂದ ರಬ್ಬರು 1845ರಲ್ಲಿ ಬಂದ ಮೇಲೆ ಆ ಕಾಟ ತಪ್ಪಿತು. ನಮ್ಮ ಶತ್ರು ಚಳಿಯಲ್ಲ. ಸೆಕೆ, ಗಾಳಿ, ಕಾಲ ಸೇರಿ ರಬ್ಬರನ್ನು ಗಟ್ಟಿ ಮಾಡುತ್ತವೆ. ಸುಣ್ಣದ ಪುಡಿ, ಜೇಡಿಪುಡಿ ತುಂಬಿದ ಅಗ್ಗದ ಪಟ್ಟಿ ಮೊದಲ ದಿನವೇ ಪುಟಿಯುವ ಶಕ್ತಿಯಲ್ಲಿ ಹಿಂದೆ ಬೀಳುತ್ತದೆ. ಆದ್ದರಿಂದ ನೈಸರ್ಗಿಕ ರಬ್ಬರು ಹೆಚ್ಚಿರುವ, ಮೇಲ್ಮುಖದಲ್ಲಿ ಕ್ಯಾನ್‌ವಾಸ್ ಬೆಸೆದ ಪಟ್ಟಿ ತೆಗೆದುಕೊಳ್ಳಬೇಕು ಎಂಬುದನ್ನು ಒಪ್ಪುತ್ತೇನೆ. ಅಂಟಿಸುವ ಕೆಲಸವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟುಕೊಳ್ಳಬಾರದು. ರಬ್ಬರಿಗೆ ಹಚ್ಚುವ ಅಂಟು ಆರುವಾಗ ತೇವದ ಗಾಳಿ ಅದರ ಮೇಲೆ ಮಂಜಿನಂತೆ ಕೂತು ಹಿಡಿತ ಕೆಡಿಸುತ್ತದೆ. ಇವೆಲ್ಲ ಎತ್ತರ ಸರಿಯಾದ ಮೇಲಿನ ಮಾತು.

ನವೆಂಬರಿನಲ್ಲಿ ಭಾವನ ಮೇಜಿಗೆ ಮತ್ತೆ ಕೈ ಹಾಕಿದೆವು. ರಬ್ಬರನ್ನು ಮುಟ್ಟಲಿಲ್ಲ. ಮೇಜಿನ ಅಡಿಯಿಂದ ಬೋಲ್ಟು ಸಡಿಲಿಸಿ, ಪಕ್ಕದ ಬಡಗಿಯ ಹತ್ತಿರ ಬಿದ್ದಿದ್ದ 1 ಮಿಲಿಮೀಟರ್ ದಪ್ಪದ ಸನ್‌ಮೈಕಾ ತುಣುಕುಗಳನ್ನು ಪಟ್ಟಿಯಗಲಕ್ಕೆ ಕತ್ತರಿಸಿ, ಸ್ಲೇಟಿಗೂ ಮರಕ್ಕೂ ನಡುವೆ ಮೂರು ಪದರ ಕೊಟ್ಟೆವು. ಐದು ಪಟ್ಟಿಗಳು 36.5ಕ್ಕೆ ಬಂದವು. ಪಾಕೆಟ್ಟಿನ ಮೂಲೆಗಳಲ್ಲಿ ಮರ ಮೂರು ಮಿಲಿಮೀಟರ್ ಎದ್ದು ನಿಂತು ನೋಡಲು ಚೆನ್ನಾಗಿಲ್ಲ; ಉಜ್ಜಿ ಕೆಡಿಸಿದ ಓರೆಯೂ ಹಾಗೇ ಉಳಿದಿದೆ. ಆದರೆ ಅದೇ ರಬ್ಬರಿಗೆ ಅದೇ ಜೋರಿನಲ್ಲಿ ಹೊಡೆದ ಚೆಂಡು ಹಾಸು ಬಿಟ್ಟು ಏಳಲಿಲ್ಲ. ಕಿಟಕಿ ಬದಿಯದ್ದು ಮಾತ್ರ 35.5ಕ್ಕೆ ನಿಂತಿತು. "ಸಾಕು ಮಾರಾಯ" ಎನ್ನುತ್ತಲೇ ಭಾವ ಒಳಗೆ ಹೋಗಿ ಅವಧಿ ಮುಗಿದ ತಮ್ಮ ಎಟಿಎಂ ಕಾರ್ಡು ತಂದರು. ಅದನ್ನು ಮೂರು ತುಂಡು ಮಾಡಿ ಮೂರು ಬೋಲ್ಟಿನ ಬಳಿ ಒಂದೊಂದು ಇಟ್ಟು ಬಿಗಿದೆವು. ವರ್ನಿಯರ್ 36.3 ತೋರಿಸಿತು.