ಕಥೆ ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ

ಜೊನಾಥನ್ ಡೆಮ್ಮಿ ನಿರ್ದೇಶಿಸಿದ ಮೊದಲ ಸಿನಿಮಾ 'ಕೇಜ್ಡ್ ಹೀಟ್' (1974). ಕಮ್ಮಿ ಖರ್ಚಿನ ಚಿತ್ರಗಳಿಗೇ ಹೆಸರಾದ ರೋಜರ್ ಕಾರ್ಮನ್ ಕಂಪನಿಯದ್ದು. ಹೆಂಗಸರ ಜೈಲಿನ ಕಥೆ ಅಂದ್ರೆ ಆಗ ಬೇಡಿಕೆಪಟ್ಟಿ ರೆಡಿ ಇರ್ತಿತ್ತು, ನಮ್ಮ ಕ್ಲೈಂಟ್ ಕಳಿಸೋ ಹಾಗೆ: ಸ್ನಾನದ ದೃಶ್ಯ, ಹೊಡೆದಾಟ, ಕ್ರೂರ ವಾರ್ಡನ್, ಕೊನೆಗೆ ಗುಂಡಿನ ಸುರಿಮಳೆ. ಡೆಮ್ಮಿ ಎಲ್ಲಕ್ಕೂ ಟಿಕ್ ಹಾಕ್ತಾರೆ. ಆದರೆ ಪಟ್ಟಿಯಲ್ಲಿ ಇಲ್ಲದ್ದನ್ನೂ ಸೇರಿಸ್ತಾರೆ. ಕೈದಿಗಳ ಕನಸುಗಳಿಗೆ ಜಾಗ ಕೊಡ್ತಾರೆ. ತಲೆಗೆ ಕರೆಂಟ್ ಕೊಟ್ಟು ಹೆಂಗಸರನ್ನು 'ಸರಿಮಾಡುವ' ಡಾಕ್ಟರನ್ನೇ ನಿಜವಾದ ಅಪರಾಧಿಯಾಗಿ ನಿಲ್ಲಿಸ್ತಾರೆ. ತಪ್ಪಿಸಿಕೊಂಡು ಹೋದವರು ಒಳಗುಳಿದ ಗೆಳತಿಯರಿಗಾಗಿ ಅದೇ ಜೈಲಿಗೆ ವಾಪಸ್ ನುಗ್ತಾರೆ.

ಹಾಗಂತ ಇದನ್ನು ಸ್ತ್ರೀಪರ ಸಿನಿಮಾ ಅಂತ ಹೊಗಳೋದಕ್ಕೆ ನನ್ನ ಒಪ್ಪಿಗೆಯಿಲ್ಲ. ಕಥೆ ಹೆಂಗಸರ ಕಡೆಗಿದೆ. ಕ್ಯಾಮೆರಾ ಮಾತ್ರ ಟಿಕೆಟ್ ಕೊಂಡ ಗಂಡಸರ ಕಡೆಗಿದೆ.

17 ವರ್ಷಗಳ ನಂತರ ಅದೇ ಛಾಯಾಗ್ರಾಹಕ ಟಾಕ್ ಫ್ಯೂಜಿಮೊಟೊ ಜೊತೆ ಡೆಮ್ಮಿ 'ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್' ಮಾಡಿದರು. ಅಲ್ಲಿ ಗಂಡಸರು ನೇರ ಕ್ಯಾಮೆರಾವನ್ನೇ ದಿಟ್ಟಿಸ್ತಾರೆ. ಕ್ಲಾರಿಸ್ ಮೇಲೆ ಬೀಳುವ ನೋಟ ನಮ್ಮ ಮೇಲೇ ಬಿದ್ದು ಮೈ ಮುದುಡುತ್ತೆ. ಮೊದಲ ಸಿನಿಮಾದಲ್ಲಿ ಇಣುಕಿ ನೋಡಿದವರು ಇಲ್ಲಿ ಸಿಕ್ಕಿಬೀಳ್ತೀವಿ.

ಎರಡನ್ನೂ ನೋಡಿ, ಇದೇ ಕ್ರಮದಲ್ಲಿ.